ಹಡಗು ನಿಲ್ಲೋ ಜಾಗದಿಂದ ಮುಂದೆ ದೋಣಿನೇ ಬೇಕು

ಕುಂದಾಪುರ ಕಡೆಯ ಓದುಗರೊಬ್ಬರು ಬರೆದಿರೋದರ ಸಾರ ಇಷ್ಟು: "ಡೋರಿಯನ್ ಚಂಡಮಾರುತ ಆದ್ಮೇಲೆ ಫ್ಲೋರಿಡಾದ ಬೋಟ್ ಮಾಲೀಕರು ಸಾಮಾನು ತುಂಬ್ಕೊಂಡು ಪಕ್ಕದ ದ್ವೀಪ ದೇಶ ಬಹಾಮಾಸ್‌ಗೆ ಹೋಗಿದ್ದನ್ನ ನಿಮ್ಮ ಪತ್ರಿಕೆ ವಿಪರೀತ ಹೊಗಳಿದೆ. ಅದು ದುಡ್ಡಿದ್ದವರ ಹುಮ್ಮಸ್ಸು. 2021ರಲ್ಲಿ ತೌಕ್ತೆ ಬಂದಾಗ ಕಾಪು ಹತ್ರ ಬಂಡೆಗೆ ಸಿಕ್ಕಿದ್ದ, ಹಡಗು ಎಳೆಯೋ ಟಗ್‌ನವರನ್ನ ಉಳಿಸಿದ್ದು ಕೋಸ್ಟ್ ಗಾರ್ಡ್, ನೇವಿ. ಖಾಸಗಿಯವರು ಮಧ್ಯ ನುಗ್ಗಿದ್ರೆ ಅವರನ್ನ ಉಳಿಸೋದೇ ಒಂದು ಕೆಲಸ ಆಗತ್ತೆ. ನಾನೂ ದೋಣಿ ಮನೆಯಲ್ಲೇ ಹುಟ್ಟಿದವನು, ಅದಕ್ಕೇ ಹೇಳ್ತಿದೀನಿ."

ಸರ್, ನಿಮ್ಮ ಮಾತಲ್ಲಿ ಅರ್ಧ ನಾನು ಪೂರ್ತಿ ಒಪ್ತೀನಿ. ಗಾಳಿ ಬೀಸ್ತಿರುವಾಗ ಯಾವ ಖಾಸಗಿ ದೋಣಿಯೂ ನೀರಿಗೆ ಇಳೀಬಾರ್ದು, ಕಾಪುವಿನಲ್ಲಿ ಆಗಿದ್ದು ತರಬೇತಿ ಇದ್ದವರು ಮಾತ್ರ ಮಾಡಬಹುದಾದ ಕೆಲಸ. ಆದ್ರೆ ನಾವು ಬರೆದಿದ್ದು ಗಾಳಿ ನಿಂತ ಮೇಲಿನ ದಿನಗಳ ಬಗ್ಗೆ, ಮನೆ ಹೋಗಿ, ಕುಡಿಯೋ ನೀರಿಲ್ಲದೆ, ಫೋನಿಲ್ಲದೆ ಜನ ದಡದಲ್ಲಿ ಕಾಯ್ತಿರೋ ದಿನಗಳ ಬಗ್ಗೆ.

2019ರ ಸೆಪ್ಟೆಂಬರ್ 1ರಂದು ಡೋರಿಯನ್ ಬಹಾಮಾಸ್‌ನ ಅಬಾಕೋ ದ್ವೀಪಸಮೂಹದ ಎಲ್ಬೋ ಕೇ ಅನ್ನೋ ಪುಟ್ಟ ದ್ವೀಪಕ್ಕೆ ಬಡಿದಾಗ ಗಾಳಿ ಗಂಟೆಗೆ ಸುಮಾರು 295 ಕಿಲೋಮೀಟರ್ ಇತ್ತು, ಅಲ್ಲಿಂದ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ಹೋಗಿ ಒಂದು ದಿನಕ್ಕೂ ಹೆಚ್ಚು ಹೊತ್ತು ಅಲ್ಲಾಡದೆ ಕೂತುಬಿಡ್ತು. ಏರ್‌ಪೋರ್ಟ್‌ಗಳು ನೀರಲ್ಲಿ. ಮೊದಲು ಬಂದಿದ್ದು ಅಮೆರಿಕದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು, ಬ್ರಿಟನ್ನಿನ ಮೌಂಟ್ಸ್ ಬೇ ಹಡಗು, ಅವರಿಲ್ಲದಿದ್ರೆ ಇನ್ನೆಷ್ಟು ಜೀವ ಹೋಗ್ತಿತ್ತೋ. ಆದ್ರೆ ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನ ಸಾಗಿಸೋದ್ರಲ್ಲೇ ಇದ್ವು, ದೊಡ್ಡ ಹಡಗು ಆಳ ಇರೋ ಕಡೆನೇ ನಿಲ್ಬೇಕು. ಅಬಾಕೋದ ಒಳಗಡಲು ಹಲವು ಕಡೆ ಹತ್ತು ಹದಿನೈದು ಅಡಿ ಆಳ ಅಷ್ಟೇ. ಅದರ ಅಂಚಿಗೆ ಎಲ್ಬೋ ಕೇ, ಮ್ಯಾನ್-ಓ-ವಾರ್, ಗ್ರೇಟ್ ಗ್ವಾನಾ, ಗ್ರೀನ್ ಟರ್ಟಲ್ ಅಂತ ಸಣ್ಣ ಸಣ್ಣ ದ್ವೀಪಗಳು, ಬಿಸಿಲು ಕಾಲದಲ್ಲೂ ಅಲ್ಲಿಗೆ ದೋಣಿ ಬಿಟ್ರೆ ದಾರಿ ಇಲ್ಲ. ಹಡಗು ನಿಂತ ಜಾಗದಿಂದ ಆ ಜೆಟ್ಟಿವರೆಗಿನ ಕೊನೇ ತುಂಡು ದಾರಿಗೆ ಕಮ್ಮಿ ನೀರಲ್ಲಿ ತೇಲೋ ಬೋಟು ಬೇಕು, ಎಲ್ಲಿ ಮರಳು ದಿಬ್ಬ ಇದೆ ಅಂತ ಗೊತ್ತಿರೋ ಮನುಷ್ಯ ಬೇಕು.

ಹುಮ್ಮಸ್ಸು ಅಂದ್ರಲ್ಲ, ಆ ಪ್ರಯಾಣ ಹೇಗಿರತ್ತೆ ನೋಡಿ. ಫ್ಲೋರಿಡಾದ ಪಾಮ್ ಬೀಚ್‌ನಿಂದ ಗ್ರ್ಯಾಂಡ್ ಬಹಾಮಾದ ತುದಿಗೇ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಅಬಾಕೋ ಇನ್ನೂ ದೂರ. ಆ ಕಡೆ ಒಂದು ಲೀಟರ್ ಪೆಟ್ರೋಲ್ ಸಿಗಲ್ಲ, ಹಾಗಾಗಿ ವಾಪಸ್ ಬರೋಕೆ ಬೇಕಾದ ಇಂಧನವನ್ನೂ ಹೊತ್ಕೊಂಡೇ ಹೋಗ್ಬೇಕು, ಅಷ್ಟು ತೂಕದ ನೀರಿನ ಬಾಟ್ಲಿ, ಟಾರ್ಪಾಲು, ಜನರೇಟರು ದಡದಲ್ಲೇ ಬಿಡ್ಬೇಕು. ಮಧ್ಯದಲ್ಲಿ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರ ಪ್ರವಾಹ ಉತ್ತರಕ್ಕೆ ಹರಿಯತ್ತೆ, ಉತ್ತರದ ಗಾಳಿ ಅದಕ್ಕೆ ಎದುರಾದ್ರೆ ಅಳಿವೆ ಬಾಯಲ್ಲಿ ಇಳಿತದ ನೀರಿಗೆ ಗಾಳಿ ಎದುರಾದಾಗ ಏಳೋ ಹಾಗೇ ಅಲೆ ಗೋಡೆ ಥರ ಏಳತ್ತೆ, ಅದನ್ನ ನಿಮಗೆ ವಿವರಿಸೋದೇ ಬೇಡ. ದಾಟಿ ಬಂದ್ರೆ ಬಂದರಿನ ಒಳಗೆ ಮುಳುಗಿದ ಬೋಟುಗಳು, ಹಾರಿಬಂದ ಛಾವಣಿ ಶೀಟು, ಹಗ್ಗ, ದಾರಿ ತೋರ್ಸೋ ಗುರುತುಗಳು ಒಂದೂ ಇದ್ದ ಕಡೆ ಇಲ್ಲ. ಎಂಜಿನ್ ನಿಧಾನ ಮಾಡಿ ಒಬ್ಬ ಮುಂದೆ ನಿಂತು ನೀರನ್ನೇ ನೋಡ್ತಾ ಎಡಕ್ಕೆ ಬಲಕ್ಕೆ ಅಂತ ಹೇಳ್ತಿರ್ಬೇಕು, ಹಗ್ಗ ಬೋಟಿನ ಅಡಿಯ ಫ್ಯಾನಿಗೆ ಸುತ್ಕೊಂಡ್ರೆ ನೀವು ಹೆದರಿದ ಹಾಗೇ ಆಯ್ತು, ಕೊಡೋಕೆ ಬಂದವನೇ ಬೇಡೋನಾಗ್ತಾನೆ.

ಇನ್ನು ದುಡ್ಡಿನ ಮಾತು. 2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನ ಲಾರಿ ಮೇಲೆ ಹೇರಿ ಊರೊಳಗೆ ತಂದು ಸರ್ಕಾರದ ಲೆಕ್ಕದಲ್ಲೇ ಸುಮಾರು 65 ಸಾವಿರ ಜನರನ್ನ ಕಾಪಾಡಿದ್ರು, ಅವರಲ್ಲಿ ಶ್ರೀಮಂತರು ಯಾರಿದ್ರು ಸರ್? ಆ ದೋಣಿಗೆ ಏಟಾದ್ರೆ ಮನೇಲಿ ಒಲೆ ಉರಿಯಲ್ಲ, ಆದ್ರೂ ಬಂದ್ರು.

ನೀವು ಕೇಳದೇ ಇದ್ದ ಒಂದು ಪ್ರಶ್ನೆ ನನ್ನನ್ನ ಹೆಚ್ಚು ಕಾಡತ್ತೆ. ಬೋಟಿನವನು ತನಗೆ ಗೊತ್ತಿರೋರ ಕಡೆಗೇ ಹೋಗ್ತಾನೆ. ಅಬಾಕೋದ ದ್ವೀಪಗಳಲ್ಲಿ ಅಮೆರಿಕದವರ ರಜಾ ಮನೆಗಳಿವೆ, ಅಲ್ಲಿನವರಿಗೆ ಫ್ಲೋರಿಡಾದಲ್ಲಿ ಪರಿಚಯದವರಿದ್ದಾರೆ. ಅಬಾಕೋದ ದೊಡ್ಡ ಊರು ಮಾರ್ಷ್ ಹಾರ್ಬರ್‌ನ 'ದ ಮಡ್' ಅನ್ನೋ ಬಡಾವಣೆಯಲ್ಲಿ ಇದ್ದಿದ್ದು ಹೈಟಿಯಿಂದ ಬಂದ ವಲಸೆ ಕೂಲಿಗಳು, ಪ್ಲೈವುಡ್ ಮನೆಗಳು, ಆ ಇಡೀ ಬಡಾವಣೆ ನೆಲಸಮ ಆಯ್ತು. ಬೋಟ್ ಇರೋ ಸ್ನೇಹಿತ ಅವರಿಗೆ ಎಲ್ಲಿಂದ ಬರ್ಬೇಕು? ಅದಕ್ಕೇ ನನ್ನ ವಾದ ಏನಂದ್ರೆ ಬೋಟು ಯಾರದಾದ್ರೂ ಇರ್ಲಿ, ಯಾರಿಗೆ ಏನು ಬೇಕು ಅನ್ನೋ ಲಿಸ್ಟು ಮಾತ್ರ ಬೋಟಿನವನ ಕೈಲಿ ಇರಬಾರ್ದು, ದಡದಲ್ಲಿ ನಿಂತವರ ಕೈಲಿರ್ಬೇಕು. ಟಾರ್ಪಾಲ್ ಅಂದ್ರೆ ಟಾರ್ಪಾಲ್, ಮರ ಕೊಯ್ಯೋ ಗರಗಸ ಅಂದ್ರೆ ಗರಗಸ, ಇನ್ಸುಲಿನ್ ಅಂದ್ರೆ ಐಸ್ ಪೆಟ್ಟಿಗೆಯಲ್ಲಿಟ್ಟ ಇನ್ಸುಲಿನ್. ಯಾರೂ ಕೇಳದ ಹಳೇ ಬಟ್ಟೆ ಮೂಟೆ ತಂದು ಸುರಿದ್ರೆ ಜೆಟ್ಟಿ ಮೇಲೆ ಜಾಗ ಹಾಳು, ಮಳೇಲಿ ನೆಂದು ಕೊಳೆಯತ್ತೆ.

ಮತ್ತೆ ಇದು ಸದಾ ಕಾಲದ ಕೆಲಸ ಅಲ್ಲ. 2022ರ ಸೆಪ್ಟೆಂಬರ್ 28ಕ್ಕೆ ಇಯಾನ್ ಚಂಡಮಾರುತ ಬಂದಾಗ ಫ್ಲೋರಿಡಾದ ಪೈನ್ ಐಲ್ಯಾಂಡಿಗೆ ಹೋಗೋ ರಸ್ತೆ ಕಿತ್ತುಹೋಗಿ ಸ್ಥಳೀಯರ ಬೋಟುಗಳು ನೀರು, ಊಟ ಸಾಗಿಸಿದ್ವು, ಸುಮಾರು ಒಂದು ವಾರಕ್ಕೆ ರಸ್ತೆ ತಾತ್ಕಾಲಿಕ ರಿಪೇರಿ ಆಯ್ತು, ಲಾರಿ ಓಡಾಡ್ತು. ಆ ಒಂದು ವಾರಕ್ಕೆ ಮಾತ್ರ ಬೋಟು ಬೇಕಿತ್ತು, ಆದ್ರೆ ಆ ವಾರ ಬೋಟಿಲ್ಲದೆ ಆಗ್ತಿರ್ಲಿಲ್ಲ.

ನಿಮಗೆ ಒಂದು ಕೋರಿಕೆ. ನಿಮ್ಮ ಕಡೆ ಮೀನುಗಾರರ ಸಂಘದಲ್ಲಿ ಯಾವ ದೋಣಿ ತೇಲೋಕೆ ಎಷ್ಟು ಆಳದ ನೀರು ಬೇಕು, ಯಾವ ಅಳಿವೆ ಯಾರಿಗೆ ಚೆನ್ನಾಗಿ ಗೊತ್ತು ಅನ್ನೋ ಪಟ್ಟಿ ಏನಾದ್ರೂ ಇದ್ಯಾ, ಅದರ ಒಂದು ಪ್ರತಿ ತಾಲ್ಲೂಕು ಕಚೇರೀಲಿ ಇದ್ಯಾ ಅಂತ ವಿಚಾರಿಸಿ ಬರೀತೀರಾ? ಇಲ್ಲ ಅಂತಾದ್ರೆ ಯಾಕಿಲ್ಲ ಅನ್ನೋದನ್ನೂ ಬರೀರಿ. ಖಂಡಿತ ಪ್ರಕಟಿಸ್ತೀವಿ.

— ಸಂಪಾದಕ