ತಡೆಯುವುದಾದರೆ ಹೇಳಿ ತಡೆಯಲಿ

ಯಾವ ಇಮೇಲ್ ತಡೆಯಬೇಕು ಅನ್ನೋದನ್ನು ಮೇಲ್ ಕಂಪನಿ ತೀರ್ಮಾನಿಸಬೇಕೋ, ಬಳಸುವವರೋ ಅಂತ ಕೇಳಿದ್ದೀರಿ. ಕೊನೆಯ ಮಾತು ಬಳಸುವವರದ್ದೇ ಆಗಬೇಕು. ಹಾಗಂತ ಎಲ್ಲವನ್ನೂ ನಮ್ಮ ತಲೆಗೇ ಕಟ್ಟಿದರೂ ಆಗುವುದಿಲ್ಲ.

ಸಣ್ಣ ಸಣ್ಣ ಆಫೀಸುಗಳ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಮೇಲ್, ವೈರಸ್ ಇರುವ ಫೈಲ್ ದಿನವೂ ಬರುತ್ತಲೇ ಇರುತ್ತವೆ. ಇವನ್ನು ಒಂದೊಂದಾಗಿ ನೋಡಿ ಆರಿಸಿಕೊಳ್ಳಿ ಅಂತ ಯಾರಿಗೆ ಹೇಳೋದು? ಅಷ್ಟನ್ನು ಕಂಪನಿಯೇ ತಡೆಯಲಿ. 2024ರ ಫೆಬ್ರವರಿಯಿಂದ ಜಿಮೇಲ್ ಒಂದು ನಿಯಮ ತಂದಿದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಕೊಂಡಿರಬೇಕು. ಮೇಲ್‌ನಲ್ಲಿ ಯಾರ ಹೆಸರಿದೆಯೋ ಅವರೇ ಕಳಿಸಿದ್ದಾ ಅಂತ ಪರೀಕ್ಷಿಸುವುದಕ್ಕೆ ಇವು. ಪ್ರಚಾರದ ಮೇಲ್ ಆದರೆ ಒಂದೇ ಕ್ಲಿಕ್ಕಲ್ಲಿ ಬೇಡ ಅನ್ನುವಂತಿರಬೇಕು. ಇದು ನನಗೆ ತುಂಬಾ ಹಿಡಿಸಿತು.

ನನ್ನ ಸಿಟ್ಟೆಲ್ಲ ಸದ್ದಿಲ್ಲದೆ ಮೇಲ್ ನುಂಗುವವರ ಮೇಲೆ. ಒಮ್ಮೆ ಒಂದು ಆಡಿಟರ್ ಆಫೀಸಿನಿಂದ ಕ್ಲೈಂಟಿಗೆ ತೆರಿಗೆ ನೋಟಿಸಿನ ಉತ್ತರ ಹೋಗಬೇಕಿತ್ತು. ಹೋದ ಬಂದ ಮೇಲ್‌ಗಳ ವಿವರ ಬರೆದಿಡುವ ನನ್ನ ಲಾಗ್‌ನಲ್ಲಿ '250 ಓಕೆ' ಅಂತಲೇ ಇತ್ತು. ಅಂದರೆ ಆ ಕಡೆಯ ಸರ್ವರ್ ಮೇಲ್ ತಗೊಂಡಿದೆ. ಆದರೆ ಕ್ಲೈಂಟಿನ ಇನ್‌ಬಾಕ್ಸಲ್ಲೂ ಇಲ್ಲ, ಸ್ಪ್ಯಾಮಲ್ಲೂ ಇಲ್ಲ! ಮೂರು ದಿನ 'ಕಳಿಸಿದ್ದೀನಿ', 'ಬಂದಿಲ್ಲ' ಅಂತ ಜಗಳ. ವಿಚಾರಿಸಿದಾಗ ತಿಳಿದದ್ದು, ನಮ್ಮ ಐಪಿ ವಿಳಾಸವನ್ನೇ (ಇಂಟರ್ನೆಟ್ಟಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಬಳಸುತ್ತಿದ್ದ ಇನ್ಯಾರೋ ಸ್ಪ್ಯಾಮ್ ಕಳಿಸಿದ್ದರು. ಅದಕ್ಕೆ ಕ್ಲೈಂಟಿನ ಮೇಲ್ ಕಂಪನಿಯವರು ಆ ಐಪಿಯಿಂದ ಬಂದದ್ದನ್ನೆಲ್ಲ ತಗೊಂಡು ಬಿಸಾಡುತ್ತಿದ್ದರು. ಬೇಡ ಅನ್ನಿಸಿದ್ದರೆ '550' ಅಂತ ಬಾಗಿಲಲ್ಲೇ ವಾಪಸ್ ಕಳಿಸಬಹುದಿತ್ತಲ್ವಾ? ಆಗ ಆಡಿಟರಿಗೆ ಬೌನ್ಸ್, ಅಂದರೆ ಮೇಲ್ ತಲುಪಲಿಲ್ಲ ಅನ್ನುವ ಸಂದೇಶ ಬರುತ್ತಿತ್ತು, ಅವರು ಕೂಡಲೇ ಫೋನ್ ಮಾಡುತ್ತಿದ್ದರು.

ಅನುಮಾನ ಇದ್ದರೆ ಸ್ಪ್ಯಾಮ್ ಫೋಲ್ಡರಿಗೆ ಹಾಕಲಿ, ನಾವು ನೋಡಿಕೊಳ್ಳುತ್ತೇವೆ. ನೀವು ಜಿಮೇಲ್ ಬಳಸುವವರಾದರೆ ವಾರಕ್ಕೊಮ್ಮೆ ಆ ಫೋಲ್ಡರ್ ತೆರೆಯಿರಿ. 30 ದಿನ ಆದಮೇಲೆ ಅಲ್ಲಿಂದ ತಾನಾಗಿ ಅಳಿಸಿಹೋಗುತ್ತದೆ. ತಪ್ಪಿಸಿಕೊಳ್ಳಬಾರದ ವಿಳಾಸಗಳಿಗೆ, ಅಂದರೆ ಮಕ್ಕಳ ಕಾಲೇಜು, ಕೆಲಸಕ್ಕೆ ಅರ್ಜಿ ಹಾಕಿದ ಕಂಪನಿ ಇಂಥವಕ್ಕೆ, ಸ್ಪ್ಯಾಮಿಗೆ ಹಾಕಬೇಡ ಅಂತ ಫಿಲ್ಟರ್ ಮಾಡಿಡಿ. ಮೊಬೈಲ್ ಆ್ಯಪಲ್ಲಿ ಇದಕ್ಕೆ ಜಾಗ ಇಲ್ಲ, ಕಂಪ್ಯೂಟರಲ್ಲಿ ಜಿಮೇಲ್ ತೆರೆದು ಮಾಡಬೇಕು.