ಒಂದು ರಾತ್ರಿ ತುಂಬೋದು ಬೇರೆ, ಟೂರ್ ತುಂಬೋದು ಬೇರೆ

ಡೊಂಬಿವಲಿಯ ಓದುಗರೊಬ್ಬರು ಬರೀತಾರೆ: “ಸಂಪಾದಕರಿಗೆ ನಮಸ್ಕಾರ. ಮಗ ಇಂಜಿನಿಯರಿಂಗ್ ಎರಡನೇ ವರ್ಷ, ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಅಂದ್ರೆ ಪ್ರಾಣ. ಅವರು ಬರೀ ಒಂದೆರಡು ಊರಿಗೆ ಬಂದು ಹೋಗದೆ ಇಂಡಿಯಾ ಪೂರ್ತಿ ಟೂರ್ ಇಟ್ಕೊಂಡ್ರೆ ಐದು ಊರಲ್ಲೂ ಸ್ಟೇಡಿಯಂ ತುಂಬುತ್ತೆ, ಬ್ರಿಟನ್ನಿನ ಕೋಲ್ಡ್‌ಪ್ಲೇ ಬ್ಯಾಂಡಿಗೆ ತುಂಬ್ಲಿಲ್ವಾ ಅಂತ ವಾದ ಮಾಡ್ತಾನೆ. ನಮ್ಮ ಯಜಮಾನ್ರು ಅದೆಲ್ಲ ಒಂದು ಸಲದ ಗೌಜು ಅಂತಾರೆ. ಯಾರು ಸರಿ? ಮತ್ತೆ ನಮ್ಮ ಕನ್ನಡದ ಬ್ಯಾಂಡ್ ಒಂದು ಯಾವತ್ತಾದ್ರೂ ನವಿ ಮುಂಬೈಯ ನೆರೂಲ್ ಸ್ಟೇಡಿಯಂ ತುಂಬಿಸೋದು ಉಂಟಾ? ಮುಂದಿನ ಸಲ ಅವನ ಟಿಕೆಟಿಗೆ ದುಡ್ಡು ಕೊಡ್ಬೇಕಾ ಬೇಡ್ವಾ ಅದೂ ಹೇಳಿ.”

ಅಕ್ಕಾ, ಲಿಂಕಿನ್ ಪಾರ್ಕ್ ನೆರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಂನ ಒಂದು ರಾತ್ರಿ ತುಂಬಿಸ್ತಾರೆ, ನನಗೆ ಅನುಮಾನ ಇಲ್ಲ. ಎರಡನೇ ರಾತ್ರಿ ಇಟ್ರೆ ಅದೂ ತುಂಬಬಹುದು. ಐದು ಊರಲ್ಲಿ ಐದು ಸ್ಟೇಡಿಯಂ ಅಂದ್ರೆ ಈಗಿನ ಪರಿಸ್ಥಿತೀಲಿ ಆಗಲ್ಲ, ಮತ್ತೆ ಅದಕ್ಕೆ ಕಾರಣ ಲಿಂಕಿನ್ ಪಾರ್ಕ್‌ಗೆ ಅಭಿಮಾನಿಗಳು ಕಮ್ಮಿ ಅಂತ ಅಲ್ವೇ ಅಲ್ಲ.

ಮೊದಲು ಕೋಲ್ಡ್‌ಪ್ಲೇ ಲೆಕ್ಕ ಸರಿಯಾಗಿ ನೋಡೋಣ, ಯಾಕಂದ್ರೆ ಎಲ್ರೂ ಅದನ್ನೇ ಉದಾಹರಣೆ ಕೊಡ್ತಾರೆ. 2024ರ ಸೆಪ್ಟೆಂಬರ್ 22ಕ್ಕೆ ಟಿಕೆಟ್ ಬಿಟ್ಟಾಗ ಕೋಟಿಗೂ ಮಿಕ್ಕಿ ಜನ ಲಾಗಿನ್ ಆಗಿದ್ರು, ನಿಮ್ಮ ಮಗನೂ ಅದರಲ್ಲಿ ಒಬ್ಬ ಇದ್ದಿರಬಹುದು, ಫೋನ್ ಸ್ಕ್ರೀನ್ ಮೇಲೆ ನಿಮ್ಮ ಮುಂದೆ ಇಷ್ಟು ಲಕ್ಷ ಜನ ಇದ್ದಾರೆ ಅಂತ ನಂಬರ್ ತೋರಿಸ್ತಾ ಕೂತಿತ್ತಲ್ಲ, ಅದೇ. ಜನವರಿ 18, 19ಕ್ಕೆ ಅಂತ ಇದ್ದದ್ದಕ್ಕೆ 21ನೇ ತಾರೀಕು ಸೇರಿಸಿದ್ರು, ಆಮೇಲೆ ಅಹ್ಮದಾಬಾದಿಗೂ ಹೋದ್ರು. ನೆರೂಲಲ್ಲಿ ಒಂದು ರಾತ್ರಿಗೆ 50 ಸಾವಿರ ಅಂತ ಹಿಡಿದ್ರೂ ಮೂರು ರಾತ್ರಿಗೆ ಒಂದೂವರೆ ಲಕ್ಷ ಸೀಟು. ಕೋಟಿ ಜನ ಎಲ್ಲಿ, ಒಂದೂವರೆ ಲಕ್ಷ ಎಲ್ಲಿ. ಅಷ್ಟು ಜನ ಕಾಯ್ತಾ ಇದ್ರು ಅಂದ್ಮೇಲೆ ಇನ್ನೂ ಹತ್ತು ಊರಲ್ಲಿ ತುಂಬಿಸಬಹುದಿತ್ತು ಅಂತ ಅನ್ಸುತ್ತೆ, ನಿಮ್ಮ ಮಗ ಹೇಳೋದೂ ಅದನ್ನೇ.

ಆದ್ರೆ ಆ ಕೋಟಿ ಜನದಲ್ಲಿ ಕೋಲ್ಡ್‌ಪ್ಲೇ ಹಾಡು ಎರಡೇ ಎರಡು ಗೊತ್ತಿರೋರು ಎಷ್ಟು ಜನ ಅಂತ ಯೋಚನೆ ಮಾಡಿ. ಅವರನ್ನ ನಾನು ಹೀಗಳೆಯೋದಿಲ್ಲ ಅಕ್ಕಾ, ಸ್ಟೇಡಿಯಂ ತುಂಬಿಸೋರೇ ಅವರು. ಅಪ್ಪಟ ಅಭಿಮಾನಿಗಳು ಫ್ಲೋರ್, ಅಂದ್ರೆ ಸ್ಟೇಜ್ ಮುಂದೆ ನಿಂತು ನೋಡೋ ಜಾಗ ತುಂಬಿಸ್ತಾರೆ, ಸ್ಟೇಜ್ ಎದುರಿನ ಸ್ಟ್ಯಾಂಡ್ ತುಂಬಿಸ್ತಾರೆ, ಅಲ್ಲಿಗೆ ಮುಗೀತು. ಮೇಲ್ಗಡೆ ಕೊನೇ ಸಾಲಲ್ಲಿ, ಸ್ಟೇಜಿನಿಂದ ಅಷ್ಟು ದೂರ, ಹಾಡುವವನು ಬೆರಳಿನಷ್ಟು ಕಾಣೋ ಜಾಗಕ್ಕೆ ದುಡ್ಡು ಕೊಟ್ಟು ಬರೋರು ಆಫೀಸಿನ ಗೆಳೆಯರ ಜೊತೆ ಬರೋರು, ಹೆಂಡತಿಯನ್ನ ಕರ್ಕೊಂಡು ಬರೋರು, ಊರೆಲ್ಲ ಹೋಗ್ತಿದೆ ನಾವೂ ಹೋಗೋಣ ಅನ್ನೋರು. ಅವರು ಬರೋದು ಆ ರಾತ್ರಿಗೆ, ಬ್ಯಾಂಡಿಗೆ ಅಂತ ಅಲ್ಲ. ಕೋಲ್ಡ್‌ಪ್ಲೇಯವರು ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದಾರೆ, ಅದಕ್ಕೇ ಗೇಟಲ್ಲೇ ಪ್ರತಿಯೊಬ್ಬರ ಕೈಗೂ ಎಲ್‌ಇಡಿ ಪಟ್ಟಿ ಕೊಡ್ತಾರೆ, ಹಾಡಿಗೆ ತಕ್ಕ ಹಾಗೆ ಅದು ಬಣ್ಣ ಬದಲಾಯಿಸುತ್ತೆ, ಕೊನೇ ಸಾಲಿನವನ ಕೈಯೂ ಶೋದ ಭಾಗ ಆಗುತ್ತೆ, ಹೋಗುವಾಗ ವಾಪಸ್ ಕೊಡ್ಬೇಕು. 2500 ರೂಪಾಯಿ ಟಿಕೆಟಿನವನಿಗೂ ತಾನು ಮೂಲೇಲಿ ಇದ್ದೀನಿ ಅನ್ನಿಸದ ಹಾಗೆ ನೋಡ್ಕೊಳ್ಳೋದು ಸಣ್ಣ ವಿಷಯ ಅಲ್ಲ, ಆ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ಈಗ ಯೋಚನೆ ಮಾಡಿ, ಇಂಥಾ ಜನ ಎರಡನೇ ಸಲ ಬರ್ತಾರಾ? ಅದೂ ಮೂರು ತಿಂಗಳಲ್ಲಿ ಇನ್ನೊಂದು ಬ್ಯಾಂಡಿಗೆ? ನಮ್ಮ ಯಕ್ಷಗಾನದ ಡೇರೆ ಮೇಳದವರನ್ನ ಕೇಳಿ, ಅವರಿಗೆ ಇದು ಕರತಲಾಮಲಕ. ಹೊಸ ಪ್ರಸಂಗ ಕುಂದಾಪುರದಲ್ಲಿ ಮೊದಲ ಆಟಕ್ಕೆ ಹೌಸ್‌ಫುಲ್ ಆಗುತ್ತೆ, ಅದೇ ಪ್ರಸಂಗ ಹತ್ತು ಮೈಲಿ ಆಚೆ ಇಟ್ರೆ ಕುರ್ಚಿ ಖಾಲಿ, ಯಾಕಂದ್ರೆ ಆ ಊರಿನವರೂ ಮೊದಲ ಆಟಕ್ಕೇ ಬಂದು ಹೋಗಿರ್ತಾರೆ. ಕೋಲ್ಡ್‌ಪ್ಲೇ ವಿಷಯದಲ್ಲೂ ಆದದ್ದು ಅದೇ, ಅಹ್ಮದಾಬಾದ್ ಶೋಗೆ ಮುಂಬೈಯಿಂದ ಪಶ್ಚಿಮ ರೈಲ್ವೆ ಸ್ಪೆಷಲ್ ಗಾಡಿ ಬಿಡಬೇಕಾಯ್ತು. ಒಂದು ರಾತ್ರಿಗೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದ ನರೇಂದ್ರ ಮೋದಿ ಸ್ಟೇಡಿಯಂ ತುಂಬಿದ್ದು ಅಹ್ಮದಾಬಾದಿನವರಿಂದ ಮಾತ್ರ ಅಲ್ಲ, ದೇಶದ ಎಲ್ಲಾ ಕಡೆಯಿಂದ ಜನ ಅಲ್ಲಿಗೆ ಹೋಗಿದ್ರು. ಅದನ್ನ ಎರಡು ಊರಿನ ಟೂರ್ ಅನ್ನೋದಕ್ಕಿಂತ ಇಡೀ ದೇಶಕ್ಕೆ ಇಟ್ಟ ಒಂದೇ ಶೋ ಐದು ರಾತ್ರಿ ನಡೀತು ಅನ್ನೋದು ಸರಿ. ಅದನ್ನೇ ಬೆಂಗಳೂರು, ಹೈದರಾಬಾದ್, ಡೆಲ್ಲಿ, ಕೋಲ್ಕತ್ತಾ ಅಂತ ಹರಡಿದ್ರೆ ಪ್ರತಿ ಊರಿಗೂ ಆ ಊರಿನವರೇ ಬರಬೇಕು, ಆಗ ನಿಜವಾದ ಪರೀಕ್ಷೆ.

ಇದು ನಮ್ಮ ದೇಶದ್ದೇ ಸಮಸ್ಯೆ ಅಂತ ತಿಳ್ಕೋಬೇಡಿ. ಬೀಟಲ್ಸ್‌ಗಿಂತ ದೊಡ್ಡ ಬ್ಯಾಂಡ್ ಇನ್ನೊಂದಿಲ್ಲ, ಅಲ್ವಾ? 1965ರ ಆಗಸ್ಟಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಸೇರಿದ್ರು, ಸ್ಟೇಡಿಯಂ ಶೋ ಅನ್ನೋದಕ್ಕೇ ಅದು ಬುನಾದಿ ಹಾಕ್ತು. ಮರುವರ್ಷ ಅದೇ ಬ್ಯಾಂಡ್, ಅದೇ ಸ್ಟೇಡಿಯಂ, ಸುಮಾರು 11 ಸಾವಿರ ಟಿಕೆಟ್ ಮಾರಾಟವೇ ಆಗಲಿಲ್ಲ. ಐರ್ಲೆಂಡಿನ ಯು2 ಬ್ಯಾಂಡಿನ 1997ರ ಪಾಪ್‌ಮಾರ್ಟ್ ಟೂರಲ್ಲಿ ಅಮೆರಿಕದ ಎಷ್ಟೋ ಊರಲ್ಲಿ ಸ್ಟ್ಯಾಂಡ್ ಖಾಲಿ ಇತ್ತು, ಅದೇ ಯು2 2009ರಿಂದ 2011ರವರೆಗಿನ ಟೂರಲ್ಲಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿದ್ರು, ಅದರಲ್ಲಿ ಒಂದು ಯುಕ್ತಿ ಇತ್ತು, ಸ್ಟೇಜನ್ನ ಒಂದು ತುದಿಗೆ ಗೋಡೆ ಥರ ಕಟ್ಟದೆ ನಾಲ್ಕೂ ಕಡೆಯಿಂದ ಕಾಣೋ ಹಾಗೆ ಮಾಡಿದ್ರಿಂದ ಹಿಂದುಗಡೆ ಸೀಟೂ ಮಾರಬಹುದಾಯ್ತು. ಇತ್ತೀಚಿನದ್ದು ಬೇಕಂದ್ರೆ ಬ್ಲ್ಯಾಕ್ ಕೀಸ್ ನೋಡಿ, ಗ್ರ್ಯಾಮಿ ಗೆದ್ದವರು, ರೇಡಿಯೋದಲ್ಲಿ ಓಡಿದ ಹಾಡುಗಳು, 2024ರಲ್ಲಿ ಅಮೆರಿಕದ ಅರೀನಾ ಟೂರನ್ನೇ ರದ್ದು ಮಾಡಿದ್ರು, ಅವು ಸ್ಟೇಡಿಯಂ ಕೂಡ ಅಲ್ಲ, ಅದರ ಅರ್ಧಕ್ಕಿಂತ ಸಣ್ಣ ಜಾಗಗಳು. ಮೊಬೈಲಲ್ಲಿ ಕೇಳೋ ಕಿವಿ ಎಷ್ಟಿದೆ ಅನ್ನೋದಕ್ಕೂ ಶನಿವಾರ ಸಂಜೆ ಮನೆ ಬಿಟ್ಟು ಹೊರಡೋ ಕಾಲು ಎಷ್ಟಿದೆ ಅನ್ನೋದಕ್ಕೂ ಸಂಬಂಧ ಬಹಳ ಕಮ್ಮಿ.

ಇನ್ನು ನಮ್ಮ ಕಡೆ ವಿಷಯ, ಇಲ್ಲಿ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಈ ಮುಂಬೈಯಲ್ಲಿ ಷಣ್ಮುಖಾನಂದ ಹಾಲ್ ಅಂದ್ರೆ ಎರಡೂಮುಕ್ಕಾಲು ಸಾವಿರ ಸೀಟು. ವರ್ಲಿಯ ಎನ್‌ಎಸ್‌ಸಿಐ ಡೋಮ್ ಅಂದ್ರೆ ಇನ್ನು ಕೆಲವು ಸಾವಿರ. ಅಲ್ಲಿಂದ ಮೇಲೆ ಸೀದಾ ಡಿ.ವೈ. ಪಾಟೀಲ್, ಇಲ್ಲಾಂದ್ರೆ ಬಾಂದ್ರಾ-ಕುರ್ಲಾ (ಬಿಕೆಸಿ) ಮೈದಾನ, ಮಹಾಲಕ್ಷ್ಮಿ ರೇಸ್‌ಕೋರ್ಸ್. ಮಧ್ಯದಲ್ಲಿ 15-20 ಸಾವಿರ ಜನ ಕೂರೋ ಒಂದು ಒಳಾಂಗಣ ಜಾಗ ಈ ಇಷ್ಟು ದೊಡ್ಡ ಊರಲ್ಲಿ ಇಲ್ಲ! ಲಂಡನ್ನಿನ ಓ2 ಅರೀನಾ 20 ಸಾವಿರದ್ದು, ಅಲ್ಲಿ ಬ್ಯಾಂಡ್ ಬೆಳೆಯೋದೇ ಹಾಗೆ, ಸಾವಿರದಿಂದ ಐದು ಸಾವಿರ, ಐದರಿಂದ ಇಪ್ಪತ್ತು, ಆಮೇಲೆ ವೆಂಬ್ಲಿ ಸ್ಟೇಡಿಯಂ. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲ. ಧೋಬಿ ತಲಾವ್‌ನಲ್ಲಿ ರಂಗಭವನ ಅಂತ ಒಂದು ಬಯಲು ರಂಗಮಂದಿರ ಇತ್ತು, 1980ರಲ್ಲಿ ದಿ ಪೊಲೀಸ್ ಬ್ಯಾಂಡ್ ಬಂದು ಅಲ್ಲೇ ಹಾಡಿದ್ದು, ಇಂಡಿಪೆಂಡೆನ್ಸ್ ರಾಕ್ ಅಂತ ಇಲ್ಲಿನ ಹುಡುಗರ ಬ್ಯಾಂಡುಗಳು ವರ್ಷಾವರ್ಷ ಬಾರಿಸಿದ್ದೂ ಅಲ್ಲೇ. ಪಕ್ಕದಲ್ಲಿ ಆಸ್ಪತ್ರೆ, ಕಾಲೇಜು, ಸೈಲೆನ್ಸ್ ಝೋನ್ ಅಂತ ಆದ್ಮೇಲೆ ಅದು ನಿಂತೇ ಹೋಯ್ತು. ಆಸ್ಪತ್ರೆಯವರ ಕಷ್ಟ ನಿಜ, ಅದಕ್ಕೆ ನನ್ನ ತಕರಾರಿಲ್ಲ, ಆದ್ರೆ ಅದರ ಬದಲಿಗೆ ಇನ್ನೊಂದು ಜಾಗ ಯಾರೂ ಕಟ್ಟಿಕೊಡ್ಲಿಲ್ವಲ್ಲ, ಅದು ತಪ್ಪು.

ಸ್ಟೇಡಿಯಂ ಇದೆ ಅಂದ್ರೂ ಅದು ಕ್ರಿಕೆಟಿನದ್ದು. ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಹಾಡಿದ್ರು. ಈಗ ದೊಡ್ಡ ಬ್ಯಾಂಡ್ ಅಂದ್ರೆ ಎಲ್ರೂ ನೆರೂಲ್ ಕಡೆ ನೋಡ್ತಾರೆ, 2019ರ ಡಿಸೆಂಬರಲ್ಲಿ ಯು2 ಕೂಡ ಅಲ್ಲೇ. ಅಲ್ಲೂ ಮ್ಯಾಚ್ ಕ್ಯಾಲೆಂಡರ್ ನೋಡ್ಕೊಂಡೇ ಡೇಟ್ ಸಿಗೋದು, 2025ರ ನವೆಂಬರ್ 2ಕ್ಕೆ ನಮ್ಮ ಹುಡುಗೀರು ವಿಶ್ವಕಪ್ ಗೆದ್ದ ಜಾಗ ಅದೇ ಅಲ್ವಾ. ಪುಣೆಯವರಿಗೆ ಗಹುಂಜೆ ಸ್ಟೇಡಿಯಂ ಇದೆ, ಎಕ್ಸ್‌ಪ್ರೆಸ್‌ವೇ ಪಕ್ಕ, ಊರಿಂದ ಅಷ್ಟು ದೂರ, ಶೋ ಮುಗಿದ್ಮೇಲೆ ಮನೆಗೆ ಹೋಗೋದು ಹೇಗೆ ಅಂತಾನೇ ಜನ ಹಿಂಜರೀತಾರೆ. ಗೋವಾದಲ್ಲಿ ಫತೋರ್ಡಾ ಇದೆ, ಆದ್ರೆ ಫುಟ್‌ಬಾಲಿನ ಸಣ್ಣ ಸ್ಟೇಡಿಯಂ.

ಇದರ ಮೇಲೆ ಸಾಗಾಟದ ಖರ್ಚು. ಕೋಲ್ಡ್‌ಪ್ಲೇ ಇಲ್ಲಿಗೆ ಬರೋ ಮುಂಚೆ ಅಬುಧಾಬಿಯಲ್ಲಿ ನಾಲ್ಕು ರಾತ್ರಿ ಹಾಡಿ ಬಂದಿದ್ರು, ಅಂದ್ರೆ ಸಾಮಾನು ಅರ್ಧ ದಾರಿ ಬಂದೇ ಇತ್ತು. ಯು2 ಆಸ್ಟ್ರೇಲಿಯಾ, ಸಿಂಗಾಪುರ, ಜಪಾನ್, ಕೊರಿಯಾ, ಮನಿಲಾ ಮುಗಿಸಿ ಕೊನೇ ಶೋ ಮುಂಬೈಯಲ್ಲಿ ಮಾಡಿದ್ರು. ದಾರೀಲಿ ಸಿಕ್ಕಿದ್ರೆ ಮಾತ್ರ ನಮ್ಮೂರು, ಇದು ವಾಸ್ತವ. 2008ರಲ್ಲಿ ಐರನ್ ಮೇಡನ್‌ನವರು ಈ ಸಮಸ್ಯೆಗೆ ಅವರದೇ ಉಪಾಯ ಮಾಡಿದ್ರು, ಬೋಯಿಂಗ್ 757 ವಿಮಾನದಲ್ಲಿ ಬ್ಯಾಂಡು, ಕೆಲಸದವರು, ಸಲಕರಣೆ ಎಲ್ಲಾ ತುಂಬಿಸಿ, ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ಪೈಲಟ್ ಆಗಿ ಓಡಿಸ್ಕೊಂಡು ಬಂದ. ಫೆಬ್ರವರಿ 1ಕ್ಕೆ ಬಾಂದ್ರಾ-ಕುರ್ಲಾ ಮೈದಾನದಲ್ಲಿ ಆ ಇಡೀ ಟೂರಿನ ಮೊದಲ ಶೋ! ನಿಮ್ಮ ಮಗನಿಗೆ ಇದು ಹೇಳಿ, ಖುಷಿ ಪಡ್ತಾನೆ.

ಲಿಂಕಿನ್ ಪಾರ್ಕ್ ವಿಷಯಕ್ಕೆ ಬರ್ತೀನಿ. ಅವರ ಬಗ್ಗೆ ನನಗೆ ಬಲವಾದ ನಂಬಿಕೆ ಇರೋದು ಯಾಕಂದ್ರೆ ಅವರ ಕೇಳುಗರು ಎರಡು ತಲೆಮಾರಿನವರು. ಮೊದಲ ಆಲ್ಬಂ 2000ದಲ್ಲಿ ಬಂದಾಗ ಕಾಲೇಜಲ್ಲಿದ್ದವರಿಗೆ ಈಗ ನಲವತ್ತು ದಾಟಿದೆ, ಕೈಯಲ್ಲಿ ದುಡ್ಡಿದೆ. ಅವರ ಹಾಡುಗಾರ ಚೆಸ್ಟರ್ ಬೆನ್ನಿಂಗ್ಟನ್ 2017ರ ಜುಲೈನಲ್ಲಿ ತೀರಿಕೊಂಡಾಗ ಎಷ್ಟೋ ಜನ ಇನ್ನು ಮುಗೀತು ಅಂತ ಅತ್ತಿದ್ರು, 2024ರಲ್ಲಿ ಹೊಸ ಹಾಡುಗಾರ್ತಿ ಎಮಿಲಿ ಆರ್ಮ್‌ಸ್ಟ್ರಾಂಗ್ ಜೊತೆ ಮತ್ತೆ ಶುರು ಮಾಡಿದ್ರು, ಮರುವರ್ಷ ಜೂನಲ್ಲಿ ವೆಂಬ್ಲಿ ಸ್ಟೇಡಿಯಂನಲ್ಲೇ ಹಾಡಿದ್ರು. ಹಾಗಿದ್ರೂ ಮುಂಬೈಗೆ ಅಂತ ಬಂದಾಗ ಲೊಲಾಪಲೂಜಾ ಫೆಸ್ಟಿವಲ್ಲಿಗೇ ಬಂದಿದ್ದು ನೋಡಿ, ರೇಸ್‌ಕೋರ್ಸಲ್ಲಿ, ಇನ್ನೂ ಎಷ್ಟೋ ಬ್ಯಾಂಡುಗಳ ಜೊತೆ. ಫೆಸ್ಟಿವಲ್ ಅಂದ್ರೆ ನಷ್ಟದ ಭಾರ ಒಬ್ಬರ ತಲೆ ಮೇಲೆ ಬೀಳಲ್ಲ, ಆಯೋಜಕರು ಅದನ್ನೇ ಆರಿಸ್ಕೋತಾರೆ, ಅವರ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ.

ಕನ್ನಡದ ಬ್ಯಾಂಡ್ ಬಗ್ಗೆ ಕೇಳಿದ್ರಿ, ಈ ಪತ್ರದಲ್ಲಿ ನನಗೆ ತುಂಬಾ ಇಷ್ಟ ಆದ ಪ್ರಶ್ನೆ ಅದು. ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ತತ್ವಪದವನ್ನ ಗಿಟಾರು, ಡ್ರಮ್ಸು, ಪಿಟೀಲಿನ ಜೊತೆ ಹಾಡಿದಾಗ ಕನ್ನಡ ಒಂದಕ್ಷರ ಬಾರದ ಮರಾಠಿ ಹುಡುಗರೂ ಜೊತೆಗೆ ಹಾಡ್ತಾರೆ, ಅಷ್ಟು ಶಕ್ತಿ ಆ ಹಾಡಿಗಿದೆ. ದಿಲ್ಜಿತ್ ದೊಸಾಂಜ್ 2024ರ ಅಕ್ಟೋಬರಲ್ಲಿ ಡೆಲ್ಲಿಯ ನೆಹರೂ ಸ್ಟೇಡಿಯಂನ ಎರಡು ರಾತ್ರಿ ತುಂಬಿಸಿದ್ದು ಪಂಜಾಬಿಯಲ್ಲೇ ಹಾಡಿ, ಹಾಗಾಗಿ ಭಾಷೆ ಅಡ್ಡ ಬರುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆದ್ರೆ ನೆರೂಲ್ ಸ್ಟೇಡಿಯಂ ಈಗಲೇ ಅಂದ್ರೆ ಇಲ್ಲ ಅಕ್ಕಾ. ಮೊದಲು ಷಣ್ಮುಖಾನಂದ ಎರಡು ದಿನ ತುಂಬಬೇಕು, ಆಮೇಲೆ ಹತ್ತು ಸಾವಿರ. ಈ ಮುಂಬೈ, ಠಾಣೆ, ನವಿ ಮುಂಬೈಯಲ್ಲಿ ಇರೋ ನಮ್ಮ ಜನ ಮಳೆಗಾಲದಲ್ಲಿ ಊರಿಂದ ಮೇಳ ಬಂದ್ರೆ ವಾರದ ದಿನವೂ ಹಾಲ್ ತುಂಬಿಸ್ತಾರೆ, ಆದ್ರೆ ಅದರಲ್ಲಿ ಹೆಚ್ಚಿನದ್ದು ಯಾರೋ ದಾನಿಗಳು ಕೊಟ್ಟ ದುಡ್ಡಲ್ಲಿ ಉಚಿತ ಪ್ರವೇಶ. ಟಿಕೆಟ್ ತಗೊಂಡು ಬರೋ ಅಭ್ಯಾಸ ನಮ್ಮ ಸಂಘಗಳೇ ಶುರು ಮಾಡ್ಬೇಕು, 200 ರೂಪಾಯಿ ಇಟ್ರೂ ಪರವಾಗಿಲ್ಲ, ಉಚಿತ ಬೇಡ.

ಕೊನೇದಾಗಿ ಟಿಕೆಟ್ ದುಡ್ಡು. ಕೊಡಿ. ಆದ್ರೆ ಫ್ಲೋರಿಗೆ ಅಲ್ಲ, ಕೋಲ್ಡ್‌ಪ್ಲೇಗೆ ನಿಂತು ನೋಡೋ ಜಾಗಕ್ಕೇ 6450 ಇತ್ತು, ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತಿರಬೇಕು. ಪಕ್ಕದ ಸ್ಟ್ಯಾಂಡಲ್ಲಿ ಕಮ್ಮಿ ರೇಟಿನ ಸೀಟು ಸಾಕು, ಸೌಂಡೂ ಅಲ್ಲಿ ಚೆನ್ನಾಗಿ ಕೇಳುತ್ತೆ. ಬ್ಲ್ಯಾಕಲ್ಲಿ ಮಾತ್ರ ಯಾವ ಕಾರಣಕ್ಕೂ ತಗೋಬೇಡ ಅಂತ ಹೇಳಿ, ಕೋಲ್ಡ್‌ಪ್ಲೇ ಟಿಕೆಟ್ ಲಕ್ಷಗಟ್ಟಲೆಗೆ ಮಾರಾಟಕ್ಕಿಟ್ಟಿದ್ರು, ಆ ದುಡ್ಡು ಬ್ಯಾಂಡಿಗೂ ಹೋಗಲ್ಲ, ಗೇಟಲ್ಲಿ ಆ ಟಿಕೆಟ್ ನಡೆಯುತ್ತೆ ಅನ್ನೋ ಖಾತ್ರಿಯೂ ಇಲ್ಲ. ನಿಮ್ಮ ಕಡೆಯಿಂದ ಠಾಣೆಗೆ ಹೋಗಿ ಟ್ರಾನ್ಸ್ ಹಾರ್ಬರ್ ಲೋಕಲ್ ರೈಲು ಹಿಡಿದ್ರೆ ನೆರೂಲ್, ರಾತ್ರಿ ಹತ್ತಕ್ಕೆ ಸೌಂಡ್ ನಿಲ್ಲಿಸಲೇಬೇಕು ಅನ್ನೋ ನಿಯಮ ಇರೋದ್ರಿಂದ ಶೋ ಅಷ್ಟು ಹೊತ್ತಿಗೆ ಮುಗಿಯುತ್ತೆ, ಆದ್ರೆ ಸ್ಟೇಷನ್ ಮೆಟ್ಟಿಲ ಮೇಲೆ ಆ ಹೊತ್ತಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅರ್ಧ ಗಂಟೆ ಹೊರಗೆ ನಿಂತು ಏನಾದ್ರೂ ತಿಂದು ಆಮೇಲೆ ಹೋಗಲಿ. ಎರಡು ಟಿಕೆಟ್ ಸಿಕ್ಕಿದ್ರೆ ಯಜಮಾನ್ರನ್ನೂ ಜೊತೆಗೆ ಕಳಿಸಿ.