ಪ್ರತಿ: ಖಿನ್ನತೆಗೆ ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆಯೇ?
ಮೂರು ವರ್ಷಗಳಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ನಿಮ್ಮ ತಮ್ಮನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ) ಸಿಗಬಹುದೇ ಎಂದು ಕೇಳಿದ್ದೀರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ ಅರ್ಜಿ ಹಾಕಲು ಅಡ್ಡಿಯಿಲ್ಲ; ಆದರೆ ಕಾಯಿಲೆಯ ಹೆಸರಿಗಿಂತ ಅದು ದಿನನಿತ್ಯದ ಬದುಕನ್ನು ಎಷ್ಟು ಕುಗ್ಗಿಸಿದೆ ಎಂಬುದೇ ಅಲ್ಲಿ ಮುಖ್ಯ. ಮಾನಸಿಕ ಕಾಯಿಲೆಯಿಂದಾಗುವ ಅಂಗವೈಕಲ್ಯವನ್ನು ಅಳೆಯುವ ‘ಐಡಿಯಾಸ್’ ಮಾಪಕದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ, ಕೆಲಸ ಈ ನಾಲ್ಕಕ್ಕೂ ತಲಾ 0ಯಿಂದ 4ರವರೆಗೆ ಅಂಕ ನೀಡಿ, ಕಳೆದ ಎರಡು ವರ್ಷಗಳಲ್ಲಿ ಕಾಯಿಲೆ ಎಷ್ಟು ತಿಂಗಳು ಕಾಡಿತೆಂಬುದಕ್ಕೂ ಅಂಕ ಕೂಡಿಸುತ್ತಾರೆ; ಒಟ್ಟು 20ರಲ್ಲಿ 7 ಬಂದರೆ ಶೇ. 40 ಅಂಗವೈಕಲ್ಯವೆಂದು ಲೆಕ್ಕ, ಅಂದರೆ ಸೌಲಭ್ಯಗಳ ಹೊಸ್ತಿಲು. ಕಾಯಿಲೆಯವರು ವೈದ್ಯರ ಮುಂದೆ ಸಂಕೋಚದಿಂದ ‘ಈಗ ಪರವಾಗಿಲ್ಲ’ ಎಂದುಬಿಡುವುದುಂಟು (ನಮ್ಮ ಮನೆಯಲ್ಲೂ ಹಾಗೆಯೇ ಆಯಿತು). ಆದ್ದರಿಂದ ಹಳೆಯ ಔಷಧ ಚೀಟಿಗಳೊಂದಿಗೆ ನೀವೂ ಜೊತೆಗೆ ಹೋಗಿ, ತಮ್ಮ ಎಷ್ಟು ದಿನ ಸ್ನಾನವಿಲ್ಲದೆ ಮಲಗಿಬಿಡುತ್ತಾನೆ, ಕೆಲಸ ಯಾವಾಗ ಬಿಟ್ಟ ಎಂಬುದನ್ನು ಬಿಡಿಸಿ ಹೇಳಿ.